ಕ್ವೋಕ್ ಚಿಂಗ್ ನಂಗ್ಯಾಕೆ ಅಷ್ಟು ಇಷ್ಟ

ಶಿರಸಿಲಿ ಮಳೆ ಹಿಡ್ದಾಗಿಂದ ರಾತ್ರಿ ಊಟ ಆದ್ಮೇಲೆ ನಾನು, ಅಕ್ಕ ನೋಡ್ತಿರೋದು ಒಂದೇ, 1983ರಲ್ಲಿ ಹಾಂಗ್‌ಕಾಂಗ್‌ನ ಟಿವಿಬಿ ಚಾನೆಲ್ ಮಾಡಿದ 'ಲೆಜೆಂಡ್ ಆಫ್ ದಿ ಕಾಂಡೋರ್ ಹೀರೋಸ್' ಅನ್ನೋ ಟಿವಿ ಧಾರಾವಾಹಿ, ಪೂರ್ತಿ ಕ್ಯಾಂಟೊನೀಸ್, ಕೆಳಗೆ ಸಬ್‌ಟೈಟಲ್ಲು. ಜಿನ್ ಯೋಂಗ್ 1957ರಿಂದ 1959ರ ತನಕ ಪೇಪರಲ್ಲಿ ಧಾರಾವಾಹಿಯಾಗಿ ಬರೆದ ಕಾದಂಬರಿ ಇದಕ್ಕೆ ಮೂಲ. ಸೆಟ್ಟು ಸ್ಟುಡಿಯೋದ್ದೇ ಅಂತ ಗೊತ್ತಾಗತ್ತೆ, ಆದ್ರೆ ಅದು ಅಡ್ಡ ಬರಲ್ಲ, ಯಕ್ಷಗಾನದಲ್ಲಿ ರಥ ಇಲ್ದೇನೇ ಕುರುಕ್ಷೇತ್ರ ನೋಡಿ ಬೆಳೆದೋರು ನಾವು.

ಇದರ ನಾಯಕ ಕ್ವೋಕ್ ಚಿಂಗ್ ಬುದ್ಧಿ ಚುರುಕಿಲ್ಲ, ಒಂದು ಪಟ್ಟು ಕಲಿಯೋಕೂ ಒದ್ದಾಡ್ತಾನೆ, ಆದ್ರೆ ಬಿಡಲ್ಲ ನೋಡಿ, ಅದೇ ನಂಗೆ ಹಿಡಿಸಿದ್ದು. ಅವ್ನ ಪ್ರೇಯಸಿ ವಾಂಗ್ ಯುಂಗ್ ಅವ್ನಿಗೋಸ್ಕರ ಬಗೆಬಗೆ ಅಡುಗೆ ಮಾಡಿ ಬಡಿಸಿ, ತಿಂಡಿಪೋತ ಗುರು ಹುಂಗ್ ಚಾಟ್ ಗುಂಗ್ ಬಾಯಿರುಚಿಗೆ ಸೋತು ಡ್ರ್ಯಾಗನ್ ಹಸ್ತ ಅನ್ನೋ ಕಾದಾಟದ ವಿದ್ಯೆ ಹೇಳ್ಕೊಡೋ ಹಂಗೆ ಮಾಡ್ತಾಳಲ್ಲ, ಆ ಭಾಗ ಎರಡನೇ ಸಲ ಹಾಕ್ಸಿ ನೋಡಿದ್ವಿ. ವಾಂಗ್ ಯುಂಗ್ ಪಾತ್ರ ಮಾಡಿದ ಬಾರ್ಬರಾ ಯಂಗ್ 1985ರಲ್ಲಿ ಬರೀ 26 ವರ್ಷಕ್ಕೇ ತೀರ್ಕೊಂಡ್ರು ಅಂತ ಓದಿ ಅಕ್ಕ ತುಂಬಾ ಹೊತ್ತು ಮಾತಾಡ್ಲಿಲ್ಲ. ಆ ಕಣ್ಣಿನ ತುಂಟತನ ಬೇರೆ ಯಾರಿಗೂ ಬರಲ್ಲ ಬಿಡಿ.

ಇದು ಮುಗಿದ್ಮೇಲೆ ನಟ ಆಂಡಿ ಲಾವ್ ಇರೋ ಇದರ ಮುಂದಿನ ಕತೆ ಶುರು ಮಾಡ್ತೀವಿ.