ಕಣಕುಂಬಿ ಕಾಡು ಕುಡಿಸುವ ನೀರು

ಸವದತ್ತಿಯವಳಾದ ನನಗೆ ನೀರು ಅಂದ್ರೆ ನವಿಲುತೀರ್ಥ ಡ್ಯಾಮು, ಅಷ್ಟೇ. ಹುಬ್ಬಳ್ಳಿ-ಧಾರವಾಡದವರೂ ಕುಡಿಯೋದು ಅದೇ ಮಲಪ್ರಭೆ ನೀರು. ಅದು ಹುಟ್ಟೋದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಮಳೆಗಾಲದಲ್ಲಿ ಅಲ್ಲಿಗೆ ಹೋಗಿದ್ದೆ.

ಮರದಡಿ ಕಾಲಿಟ್ಟರೆ ಕೊಳೆತ ಎಲೆ ಮೆತ್ತಗೆ ಕುಸಿಯುತ್ತದೆ. ಒತ್ತಿದರೆ ಹೆಬ್ಬೆರಳ ಸುತ್ತ ನೀರು ಜಿನುಗುತ್ತದೆ. ಎಷ್ಟು ಜಡಿಮಳೆ ಬಂದರೂ ಒಂದಿಷ್ಟನ್ನು ಈ ಮಣ್ಣು ಹೀರಿಟ್ಟುಕೊಂಡು, ಆಮೇಲೆ ನಿಧಾನಕ್ಕೆ ಹಳ್ಳಕ್ಕೆ ಬಿಡುತ್ತದೆ. ಆ ಕಡೆ ಭೀಮಗಡ ಅಭಯಾರಣ್ಯ, ಸುಮಾರು 190 ಚದರ ಕಿಲೋಮೀಟರ್. 2011ರಲ್ಲಿ ಘೋಷಣೆಯಾಯಿತು. ಮಹದಾಯಿ ಹರಿಯೋದು ಅಲ್ಲೇ. ಆ ನದಿಗಾಗಿ ಜಗಳ ಜಾಸ್ತಿ, ಕಾಡಿನ ಮಾತು ಕಡಿಮೆ, ಅಲ್ವಾ?

ಜಿಗಣೆ ಕಾಟ ಮಾತ್ರ ಕೇಳಬೇಡಿ. ಹೋಗೋದಾದ್ರೆ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ. ಅಭಯಾರಣ್ಯದೊಳಗೆ ಹೋಗಲು ಅರಣ್ಯ ಇಲಾಖೆ ಅನುಮತಿ ಬೇಕು.