ಟೈಪ್-ಸಿ ಇಲ್ಲದ ಲ್ಯಾಪ್‌ಟಾಪಿಗೆ ಪೋರ್ಟಬಲ್ ಮಾನಿಟರ್ ಜೋಡಿಸುವುದು

ಮಲಯಾಳದ ಸುತ್ತೋಲೆ ಒಂದು ಕಡೆ, ಅದರ ಕನ್ನಡ ಕರಡು ಇನ್ನೊಂದು ಕಡೆ. ಕಾಸರಗೋಡು, ಮಂಜೇಶ್ವರದ ಶಾಲೆ, ಪಂಚಾಯತು, ಅಕ್ಷಯ ಕೇಂದ್ರಗಳಲ್ಲಿ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರಗಳು) ಹೀಗೆ ಕೆಲಸ ಮಾಡುವವರಿಗೆ ಎರಡನೇ ಪರದೆ ನಿಜವಾಗಿಯೂ ಬೇಕು. ಬ್ಯಾಗಿನಲ್ಲಿ ಹಿಡಿಸುವ 15.6 ಇಂಚಿನ ಮಾನಿಟರ್ ಈ ಕೆಲಸಕ್ಕೆ ಸಾಕು. ಆದರೆ ಅದರ ಜತೆ ಬರುವ ಟೈಪ್-ಸಿ ಕೇಬಲ್ ಹಳೆಯ ಲ್ಯಾಪ್‌ಟಾಪಿಗೆ ಆಗುವುದಿಲ್ಲ.

ಮಾನಿಟರಿಗೆ ಚಿತ್ರವೂ ಬೇಕು, ಕರೆಂಟೂ ಬೇಕು. ಹಲವು ಹೊಸ ಲ್ಯಾಪ್‌ಟಾಪುಗಳ ಟೈಪ್-ಸಿ ಎರಡನ್ನೂ ಒಂದೇ ಕೇಬಲಿನಲ್ಲಿ ಕಳಿಸುತ್ತದೆ. ಹಳೆಯದರಲ್ಲಿ ಎರಡಕ್ಕೂ ಬೇರೆ ಬೇರೆ ದಾರಿ ಹುಡುಕಬೇಕು. ಒಂದು ತುದಿ ಅಗಲದ ಯುಎಸ್‌ಬಿ, ಇನ್ನೊಂದು ತುದಿ ಟೈಪ್-ಸಿ ಇರುವ ಮೊಬೈಲ್ ಕೇಬಲ್ ಹಾಕಿದರೆ ಮಾನಿಟರಿನ ದೀಪ ಹೊತ್ತೀತು, ಚಿತ್ರ ಬಾರದು. ಅಗಲದ ಯುಎಸ್‌ಬಿ ಪೋರ್ಟಿನಿಂದ ವೀಡಿಯೊ ಸಿಗ್ನಲ್ ನೇರವಾಗಿ ಹೊರಡುವುದೇ ಇಲ್ಲ.

ಲ್ಯಾಪ್‌ಟಾಪಿನಲ್ಲಿ ಚಿತ್ರ ಕಳಿಸುವ ಎಚ್‌ಡಿಎಂಐ ಪೋರ್ಟ್ ಇದ್ದರೆ ಬೇರೇನನ್ನೂ ಯೋಚಿಸಬೇಡಿ. ಹೆಚ್ಚಿನ ಪೋರ್ಟಬಲ್ ಮಾನಿಟರುಗಳಲ್ಲಿ ಇರುವುದು ಅದರ ಚಿಕ್ಕ ರೂಪವಾದ ಮಿನಿ ಎಚ್‌ಡಿಎಂಐ. ಮೈಕ್ರೊ ಬೇರೆ, ಕೇಬಲ್ ಕೊಳ್ಳುವ ಮುಂಚೆ ಮಾನಿಟರಿನ ತೂತು ನೋಡಿಕೊಳ್ಳಿ. ಕರೆಂಟಿಗೆ 5 ವೋಲ್ಟ್, 2 ಅಥವಾ 3 ಆಂಪಿಯರಿನ ಚಾರ್ಜರನ್ನು ಮಾನಿಟರಿನ ಟೈಪ್-ಸಿಗೆ ಕೊಡಿ. ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಕರೆಂಟ್ ಎಳೆಯುವವರಿದ್ದಾರೆ. ಯುಎಸ್‌ಬಿ 2.0 ಕೊಡಬೇಕಾದದ್ದು 0.5 ಆಂಪಿಯರ್, ಅಂದರೆ 2.5 ವಾಟ್, 3.0 ಆದರೆ 0.9 ಆಂಪಿಯರ್, 4.5 ವಾಟ್. ಮಾನಿಟರಿಗೆ ಸಾಮಾನ್ಯವಾಗಿ 8ರಿಂದ 10 ವಾಟ್ ಬೇಕು. ಹಾಗಾಗಿಯೇ ಬೆಳಕು ಹೆಚ್ಚಿಸಿದ ಕೂಡಲೇ ಪರದೆ ಮಿಣಮಿಣ ಎಂದು ಆರಿಹೋಗುವುದು. ಮಾನಿಟರ್ ಕೆಟ್ಟಿದೆ ಎಂದು ವಾಪಸು ಕೊಡುವ ಮೊದಲು ಚಾರ್ಜರ್ ಬದಲಿಸಿ ನೋಡಿ.

ಮೊದಲು ಕರೆಂಟ್, ಆಮೇಲೆ ಎಚ್‌ಡಿಎಂಐ. ಮಾನಿಟರಿನ ಮೆನುವಿನಲ್ಲಿ ಇನ್‌ಪುಟ್ ಎಚ್‌ಡಿಎಂಐ ಎಂದಿರಲಿ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜತೆ ಪಿ ಒತ್ತಿ, ಎಕ್ಸ್‌ಟೆಂಡ್ ಆರಿಸಿ, ಎರಡು ಪರದೆಗಳಲ್ಲಿ ಬೇರೆ ಬೇರೆ ಕೆಲಸ ತೆರೆಯಬಹುದು. ಲ್ಯಾಪ್‌ಟಾಪಿನ ಬದಲು ಡೆಸ್ಕ್‌ಟಾಪ್ ಕಂಪ್ಯೂಟರ್ ಆಗಿದ್ದು, ಅದರಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಆ ಕಾರ್ಡಿಗೇ ಹೋಗಬೇಕು.

ಲ್ಯಾಪ್‌ಟಾಪಿನಲ್ಲಿ ಹಳೆಯ ವೀಡಿಯೊ ಪೋರ್ಟ್ ಆದ ವಿಜಿಎ ಮಾತ್ರ ಇದ್ದರೆ ವಿಜಿಎಯಿಂದ ಎಚ್‌ಡಿಎಂಐಗೆ ಬದಲಿಸುವ ಕನ್ವರ್ಟರ್ ಬೇಕು. ದಿಕ್ಕು ಮುಖ್ಯ: ಅಂಗಡಿಯಲ್ಲಿ ಹೆಚ್ಚು ಸಿಗುವುದು ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವಂಥದ್ದು, ಅದನ್ನು ತಿರುಗಿಸಿ ಹಾಕಿದರೆ ನಡೆಯದು. ಮಾನಿಟರಿನಲ್ಲಿ ಟೈಪ್-ಸಿ ಮಾತ್ರ ಇದ್ದರೂ ಇದೇ ತೊಡಕು. ಟೈಪ್-ಸಿಯಿಂದ ಎಚ್‌ಡಿಎಂಐಗೆ ಎಂದು ಮಾರುವ ಸಾದಾ ಕೇಬಲ್ ಹಿಮ್ಮುಖವಾಗಿ ಕೆಲಸ ಮಾಡುವುದಿಲ್ಲ. ಎಚ್‌ಡಿಎಂಐಯಿಂದ ಟೈಪ್-ಸಿಗೆ ಎಂದೇ ಬರೆದಿರುವ, ಹೊರಗಿನ ಕರೆಂಟ್ ತೆಗೆದುಕೊಳ್ಳುವ ಕನ್ವರ್ಟರ್ ಕೇಳಿ.

ವೀಡಿಯೊ ಪೋರ್ಟ್ ಯಾವುದೂ ಇಲ್ಲದಿದ್ದರೆ ಅಥವಾ ಇರುವುದು ಕೆಟ್ಟಿದ್ದರೆ ಚಿತ್ರವನ್ನು ಯುಎಸ್‌ಬಿ ಮೂಲಕವೇ ಕಳಿಸುವ ಡಿಸ್‌ಪ್ಲೇಲಿಂಕ್ ಚಿಪ್ಪಿನ ಅಡಾಪ್ಟರ್ ಉಳಿದಿದೆ. ಅದನ್ನು ಯುಎಸ್‌ಬಿ 3.0ಕ್ಕೆ ಸಿಕ್ಕಿಸಿ, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಹಾಕಬೇಕು. ಅಕ್ಷರ, ಎಕ್ಸೆಲ್, ಪಿಡಿಎಫ್‌ಗಳಿಗೆ ಧಾರಾಳ ಸಾಕು. ನಕಲು ರಕ್ಷಣೆ ಇರುವ ಸಿನಿಮಾ ಸೇವೆಗಳು ಕಪ್ಪು ಪರದೆ ತೋರಿಸಬಹುದು. ಕೇರಳದ ಶಾಲಾ ಲ್ಯಾಪ್‌ಟಾಪುಗಳಲ್ಲಿ ಕೈಟ್ (ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೇರಳ ಸರಕಾರದ ಸಂಸ್ಥೆ) ಕೊಡುವ, ವಿಂಡೋಸ್ ಬದಲಿನ ಲಿನಕ್ಸ್ ಇರುವುದರಿಂದ ಅಲ್ಲಿ ಡ್ರೈವರ್ ಬೇರೆಯೇ ಹಾಕಬೇಕು, ಲಿನಕ್ಸ್‌ನ ತಿರುಳಾದ ಕರ್ನೆಲ್ ಬದಲಾದಾಗ ಮತ್ತೆ ಕೈಕೊಡುವುದೂ ಉಂಟು. ಸೆಕ್ಯೂರ್ ಬೂಟ್ (ನಂಬಲರ್ಹ ಸಹಿ ಇರುವ ತಂತ್ರಾಂಶವನ್ನು ಮಾತ್ರ ಬಿಡುವ ಕಂಪ್ಯೂಟರಿನ ಕಾವಲು) ಆನ್ ಇದ್ದರೆ ಸಹಿ ಇಲ್ಲದ ಡ್ರೈವರ್ ಲೋಡೇ ಆಗದು. ಶಾಲೆಯ ಯಂತ್ರವಾದರೆ ಈ ಅಡಾಪ್ಟರಿಗೆ ದುಡ್ಡು ಹಾಕುವ ಮುನ್ನ ಐಟಿ ಹೊಣೆಯ ಟೀಚರನ್ನು ಕೇಳಿ.