ಘಾಟಿ ಹತ್ತಿ ಬರುವ ತೆನೆ

ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಕೊಂಕಣಿ ಕಥೊಲಿಕರ ಮನೆಗಳಲ್ಲಿ ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆಹಬ್ಬ. ಚಿಕ್ಕಮಗಳೂರು ಕಡೆ ಇದಕ್ಕೊಂದು ಪೇಚು: ಹಬ್ಬಕ್ಕೆ ತೆನೆ ಬೇಕು, ಗದ್ದೆಯಲ್ಲಿ ತೆನೆ ಇಲ್ಲ. ಪುಷ್ಯ, ಆಶ್ಲೇಷ ಮಳೆಯಲ್ಲಿ ನಾಟಿಯಾದ ಪೈರು, ಹಬ್ಬ ಬರುವ ಹುಬ್ಬೆ ಮಳೆಗೆ, ತೆನೆ ಒಳಗೇ ಉಬ್ಬುವ ಹೊಡೆಗೂ ಬಂದಿರುವುದಿಲ್ಲ. ಹಬ್ಬದ ಲೆಕ್ಕ ಕರಾವಳಿಯ ಗದ್ದೆಯದು. ಹಾಗಾಗಿ ತೆನೆ ಅಲ್ಲಿಂದ ಚಾರ್ಮಾಡಿ ಘಾಟಿ ಹತ್ತಿ ಬರಬೇಕು.

ತರುವವರು ಒಂದು ಕಾಳನ್ನು ಉಗುರಲ್ಲಿ ಒತ್ತಿ ನೋಡಲಿ. ಹಾಲು ಚಿಮ್ಮಿದರೆ ಎಳಸು, ಅದರಲ್ಲಿ ಅಕ್ಕಿ ಸಿಗದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ತಂದರೆ ಬೆವೆತು ಕಪ್ಪಾಗುತ್ತದೆ. ಗೋಣಿಯಲ್ಲಿ ಸಡಿಲವಾಗಿ ಸುತ್ತಬೇಕು. ಮನೆಗೊಂದು ತೆನೆ, ಹತ್ತು ಮನೆಗೆ ಒಂದು ಹೆಚ್ಚಿಗೆ. ಎಡವಟ್ಟಾಗುವುದು ಎಣಿಕೆಯಲ್ಲಿ. ಧರ್ಮಕೇಂದ್ರದ, ಅಂದರೆ ಊರ ಚರ್ಚಿನ, ಪುಸ್ತಕದಲ್ಲಿ ಹೆಸರಿರುವವರನ್ನಷ್ಟೇ ಲೆಕ್ಕ ಹಿಡಿದರೆ, ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಆ ವರ್ಷ ಬಂದವರು ಬರಿಗೈಯಲ್ಲಿ ಹೋಗುತ್ತಾರೆ. ಹಬ್ಬ ಅಲ್ಲಿಗೇ ಅರ್ಧ ಕೆಟ್ಟಂತೆ.

ಹಬ್ಬಕ್ಕೆ ಮೊದಲು, ಆಗಸ್ಟ್ 30ರಿಂದ ಒಂಬತ್ತು ದಿನ ಚರ್ಚಿನಲ್ಲಿ ನೊವೇನ ಪ್ರಾರ್ಥನೆ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನಿಗೆ ಎರಚುತ್ತಾರೆ. ಮಲೆನಾಡಲ್ಲಿ ಆಗ ಡೇರೆ ಹೂವಿನ ಕಾಲ. ಇಡೀ ಡೇರೆ ನೀರು ಕುಡಿದು ಭಾರವಾಗಿರುತ್ತದೆ, ಎಸೆದರೆ ಮುಂದಿನ ಮಗುವಿನ ತಲೆಗೇ ಬೀಳುತ್ತದೆ. ಕೊಡವಿ, ಎಸಳು ಬಿಡಿಸಿ ಕೊಡಿ. ಒದ್ದೆ ಎಸಳು ತುಳಿದರೆ ಜಾರುತ್ತದೆ, ಪೂಜೆ ಮುಗಿದ ಕೂಡಲೇ ಗುಡಿಸಬೇಕು. ಗಾಯನ ವೃಂದಕ್ಕೆ ಒಂದೇ ಮಾತು: ಶ್ರುತಿ ಇಳಿಸಿ. ಮೇಲಿನ ಶ್ರುತಿಯಲ್ಲಿ ಎತ್ತಿಕೊಂಡರೆ ಹಿಂದಿನ ಬೆಂಚಿನ ಗಂಡಸರು ಎರಡನೇ ಸಾಲಿಗೇ ಬಾಯಿ ಮುಚ್ಚುತ್ತಾರೆ. ಆಮೇಲೆ ಅದು ಸಭೆಯ ಹಾಡಲ್ಲ, ಸಂಗೀತ ಕಚೇರಿ.

ಹಬ್ಬದ ದಿನ ತೆನೆ ಆಶೀರ್ವಾದವಾಗಿ, ಮೆರವಣಿಗೆಯಲ್ಲಿ ಒಳಗೆ ಬಂದು, ಬಲಿಪೂಜೆ. ಪೂಜೆಯಲ್ಲಿ ಬೈಬಲಿನಿಂದ ಓದುವ ಅಂದಿನ ಶುಭಸಂದೇಶ ಮತ್ತಾಯನ ಮೊದಲ ಅಧ್ಯಾಯ, ಯೇಸುವಿನ ವಂಶಾವಳಿ. ಬರೀ ಹೆಸರುಗಳೆಂದು, ಮಳೆ ಹೊಯ್ಯುತ್ತಿದೆಯೆಂದು, ಅದನ್ನು ಬಿಟ್ಟು 18ನೇ ವಚನದಿಂದ ಓದುವುದುಂಟು. ನಿಯಮದಲ್ಲಿ ಅವಕಾಶವಿದೆ. ಆದರೂ ಬಿಡಬಾರದು, ಆ ಪಟ್ಟಿಯಲ್ಲಿ ರೂತಳಿದ್ದಾಳೆ. ಮೋವಾಬ್ ಎಂಬ ಹೊರನಾಡಿನಿಂದ ಬಂದ ವಿಧವೆ. ಬೆತ್ಲೆಹೇಮಿನಲ್ಲಿ ಸ್ವಂತ ಗದ್ದೆಯಿಲ್ಲದೆ, ಕೊಯ್ಲಿನವರ ಹಿಂದೆ ಹಕ್ಕಲು ತೆನೆ ಆಯ್ದು ಅತ್ತೆಯನ್ನು ಸಾಕಿದವಳು. ಊರಿನವಳಲ್ಲದ ಅವಳಿಂದ ದಾವೀದ ರಾಜನ ವಂಶ, ಆ ವಂಶದಲ್ಲಿ ಯೇಸು. ಬೇರೆಯವರ ಗದ್ದೆಯ ತೆನೆ ಕೈಯಲ್ಲಿ ಹಿಡಿದು ನಿಂತ ಮಲೆನಾಡಿನ ಸಭೆಗೆ ಇದಕ್ಕಿಂತ ಹತ್ತಿರದ ಹೆಸರು ಇನ್ನಾವುದು?

ಮನೆಯಲ್ಲಿ ತೆನೆಯನ್ನು ಪೀಠದ ಮುಂದಿಟ್ಟು ಪ್ರಾರ್ಥನೆ. ತಲೆಗೆ ಮೂರು ಕಾಳು ಸಾಕು. ಉಗುರಿನಿಂದ ಹೊಟ್ಟು ಪೂರ್ತಿ ಬಿಡಿಸಬೇಕು, ಚೂರು ಉಳಿದರೂ ಮಕ್ಕಳ ಗಂಟಲಿಗೆ ಸಿಕ್ಕಿ ಕೆಮ್ಮು. ಅಕ್ಕಿಯನ್ನು ಪುಡಿ ಮಾಡಿ ತೆಂಗಿನ ಹಾಲು, ಬೆಲ್ಲದಲ್ಲಿ ಕಲಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಬೆಲ್ಲ ಮೊದಲೇ ಕರಗಿ ಆರಿರಲಿ. ಬಿಸಿ ಪಾಕಕ್ಕೆ ಹಾಲು ಹೊಯ್ದರೆ ಒಡೆಯುತ್ತದೆ. ಆಮೇಲೆ ಎಲೆ ಊಟ, ಮೀನು ಮಾಂಸವಿಲ್ಲ, ಪಲ್ಯ ಸಾರುಗಳ ಲೆಕ್ಕ ಬೆಸ ಸಂಖ್ಯೆಯಲ್ಲಿ: ಐದೋ ಏಳೋ.

ದೂರದಲ್ಲಿರುವ ಮನೆಯವರಿಗೆ ಕಳಿಸುವ ಪಾಲಿನ ಕಾಳು ಬೇರೆ ತೆಗೆದಿಡಿ. ಅಂದೇ ಲಕೋಟೆಗೆ ಹಾಕಬೇಡಿ, ಮುಗ್ಗಲು ಹಿಡಿಯುತ್ತದೆ. ಎರಡು ದಿನ ಒಲೆಯ ಪಕ್ಕ ಒಣಗಲಿ.